ಹಲ್ಲಿನ ತಂತಿಯೂ ದವಡೆಯ ಕೀಲೂ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲವೆಂದು ನಮ್ಮ ಹಿರಿಯರು ಆಡಿಕೊಂಡು ಬಂದಿದ್ದಾರೆ. ಆದರೆ ಹಲ್ಲೂ ಇದ್ದು, ಕಡಲೆಯೂ ಇದ್ದು, ಬಾಯಿ ತೆರೆದೊಡನೆ ಕಿವಿಯ ಬುಡದಲ್ಲಿ ನೋವು ಮೂಡುತ್ತಿದ್ದರೆ ಮನುಷ್ಯನ ಪಾಡೇನೆಂಬದನ್ನು ಆ ಗಾದೆಯು ಹೇಳುವದಿಲ್ಲ. ಅಂಥದೊಂದು ಪಾಡು ಕಳೆದ ವರ್ಷ ಬೈರಿದೇವರಕೊಪ್ಪದ ನಮ್ಮ ಪರಿಚಿತರೊಬ್ಬರ ಮನೆಗೆ ಒದಗಿತು. ಅದರ ನಿಮಿತ್ತದಿಂದ ನಾವು ಕೆಲವು ದಿನ ಓದಿ, ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶವು.

ಬೈರಿದೇವರಕೊಪ್ಪವು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ಉಣಕಲ್ಲನ್ನು ದಾಟಿದ ಮೇಲೆ, ನವನಗರಕ್ಕೆ ಮುಂಚೆ ಸಿಗುವ ಊರು. ಚಿಗರಿ ಬಸ್ಸುಗಳು ಅದರ ಮುಂದೆಯೇ ಓಡಾಡುತ್ತವೆ. ಅಲ್ಲಿಯ ನಮ್ಮ ಪರಿಚಿತರ ಮಗಳಿಗೆ ಹದಿನೇಳು ವರ್ಷ. ಮುಂದಿನ ಹಲ್ಲುಗಳು ಒಂದರ ಮೇಲೊಂದು ಒತ್ತಿಕೊಂಡು ಬೆಳೆದಿದ್ದವು. ಅದು ಮೊದಲಿನಿಂದಲೂ ಇದ್ದದ್ದು. ಆದರೆ ಪರೀಕ್ಷೆಯ ದಿನಗಳಲ್ಲಿ ಬಲಗಡೆಯ ದವಡೆಯು ಬಾಯಿ ತೆರೆದಾಗಲೊಮ್ಮೆ ಕಟ್ಟೆಂದು ಸಪ್ಪಳ ಮಾಡಹತ್ತಿತು. ಕೆಲವು ವಾರಗಳಲ್ಲಿ ನೋವೂ ಕೂಡಿಕೊಂಡಿತು. ಮನೆಯವರು ಹುಡುಗಿಯನ್ನು ಒಬ್ಬ ವೈದ್ಯರ ಕಡೆಗೆ ಕರೆದೊಯ್ದರು. “ಹಲ್ಲು ವಕ್ರವಾದದ್ದರಿಂದಲೇ ಕೀಲು ಕೆಟ್ಟಿದೆ, ನಾಲ್ಕು ಹಲ್ಲು ಕಿತ್ತು ಕ್ಲಿಪ್ಪು ಹಾಕಿದರೆ ನೋವು ಹೋಗುವದು, ತಡಮಾಡಿದರೆ ದವಡೆಯು ಬಿಗಿದುಕೊಳ್ಳುವದು, ಈ ವಾರವೇ ಆರಂಭಿಸಿರಿ” ಎಂದು ಅಲ್ಲಿ ಹೇಳಿದರಂತೆ. ತಂದೆಯು ಸಹಕಾರಿ ಸಂಘದಲ್ಲಿ ಸಾಲಕ್ಕೆ ಅರ್ಜಿ ಬರೆಯಲು ಕುಳಿತರು. ಅಜ್ಜಿಯು, ಹೆಣ್ಣುಹುಡುಗಿಯ ಗಟ್ಟಿ ಹಲ್ಲನ್ನು ಕೀಳಿಸಕೂಡದೆಂದು ಹಟ ಹಿಡಿದರು. ತಾಯಿಯು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: “ಅಣ್ಣಾರ, ಹಲ್ಲು ಕೀಳಿಸಿದ್ರ ಈ ನೋವು ಖರೇನ ಹೋಗತದೇನ್ರಿ?”

ನಾವು ವೈದ್ಯರಲ್ಲ. ಆದರೆ ಈ ತಾಯಿಯ ಪ್ರಶ್ನೆಯು ಹೊಸದಲ್ಲವೆಂಬದು ನಮಗೆ ಬೇಗನೆ ತಿಳಿದುಬಂತು. ವಕ್ರದಂತಗಳನ್ನು ಸರಿಪಡಿಸುವ ತಜ್ಞರು, ಅಂದರೆ ಆರ್ಥೊಡಾಂಟಿಸ್ಟರು, ನೂರಕ್ಕೂ ಹೆಚ್ಚು ವರ್ಷಗಳಿಂದ ದೇಶದೇಶಗಳಿಂದ ಬಂದು ಒಂದೆಡೆ ಕೂಡಿ ಚರ್ಚಿಸುತ್ತಿರುವ ವಿಷಯಗಳಲ್ಲಿ ಇವೆರಡೂ ಸೇರಿವೆ: ಹಲ್ಲನ್ನು ಯಾವ ಬಲದಿಂದ ಹೇಗೆ ಸರಿಸಬೇಕು? ದವಡೆಯ ಕೀಲಿಗೂ ಆ ಕೆಲಸಕ್ಕೂ ಸಂಬಂಧವೇನು?

ಪರಿಷತ್ತು ಕೂಡುವದೇಕೆ?

ಹಲ್ಲು ಕೀಳುವವನಿಗೆ ತನ್ನ ಕೆಲಸದ ಫಲವು ಅರ್ಧ ಗಂಟೆಯಲ್ಲಿ ಕಾಣುವದು. ಹಲ್ಲು ಸರಿಸುವವನಿಗೆ ಹಾಗಲ್ಲ. ಚಿಕಿತ್ಸೆಗೇ ಒಂದೂವರೆ ಎರಡು ವರ್ಷ ಹಿಡಿಯುವದು. ಸರಿಸಿದ ಹಲ್ಲು ಅಲ್ಲಿಯೇ ನಿಂತಿತೋ ಇಲ್ಲವೋ ಎಂಬದನ್ನು ತಿಳಿಯಬೇಕಾದರೆ ಮತ್ತೆ ಹತ್ತು ವರ್ಷ ಕಾಯಬೇಕು. ಅಷ್ಟರೊಳಗೆ ರೋಗಿಯು ಓದಿಗಾಗಿ ಇಲ್ಲವೆ ಮದುವೆಯಾಗಿ ಬೇರೆ ಊರನ್ನು ಸೇರಿರುವಳು. ಆದಕಾರಣ ಒಬ್ಬ ವೈದ್ಯನ ಒಂದು ಜನ್ಮದ ಅನುಭವವು ಈ ವಿದ್ಯೆಗೆ ಸಾಲದು. ಹಲವರು ತಮ್ಮ ತಮ್ಮ ರೋಗಿಗಳ ಅಚ್ಚುಗಳನ್ನೂ ಚಿತ್ರಗಳನ್ನೂ ತಂದು ಒಂದೇ ಮೇಜಿನ ಮೇಲೆ ಇಟ್ಟು ಹೋಲಿಸಿ ನೋಡಿದರೆ ಮಾತ್ರ ನಿಜವು ಹೊರಬೀಳುವದು.

ಈ ವಿದ್ಯೆಗೆ ಶಾಸ್ತ್ರದ ರೂಪವನ್ನು ಕೊಟ್ಟವರಲ್ಲಿ ಮುಖ್ಯನಾದವನು ಅಮೇರಿಕೆಯ ಎಡ್ವರ್ಡ್ ಆಂಗಲ್. ಮೇಲಿನ ಮತ್ತು ಕೆಳಗಿನ ಮೊದಲ ದೊಡ್ಡ ದವಡೆಹಲ್ಲುಗಳು ಒಂದಕ್ಕೊಂದು ಹೇಗೆ ಕೂಡುತ್ತವೆಂಬದನ್ನು ನೋಡಿ ವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದ ಆತನ ಕ್ರಮವು ೧೮೯೯ರಲ್ಲಿ ಪ್ರಕಟವಾಯಿತು. ಇಂದಿಗೂ ವಿದ್ಯಾರ್ಥಿಗಳು ಅದನ್ನೇ ಮೊದಲು ಕಲಿಯುವರು. ೧೯೦೦ರಲ್ಲಿ ಆತನು ಸೇಂಟ್ ಲೂಯಿ ಪಟ್ಟಣದಲ್ಲಿ ಈ ಒಂದೇ ವಿದ್ಯೆಗಾಗಿ ಶಾಲೆಯನ್ನು ತೆರೆದನು. ಅದೇ ವರ್ಷ ಅಮೇರಿಕೆಯ ತಜ್ಞರ ಸಂಘವೂ ಹುಟ್ಟಿತು. ೧೯೦೭ರಲ್ಲಿ ಬರ್ಲಿನ್ನಿನಲ್ಲಿ ಯುರೋಪಿನ ಸಂಘವು ಹುಟ್ಟಿತು. ಸರ್ವರಾಷ್ಟ್ರಗಳ ಮೊದಲನೆಯ ಪರಿಷತ್ತು ಕೂಡಿದ್ದು ೧೯೨೬ರಲ್ಲಿ, ನ್ಯೂಯಾರ್ಕಿನಲ್ಲಿ. ಎರಡನೆಯದು ೧೯೩೧ರಲ್ಲಿ ಲಂಡನ್ನಿನಲ್ಲಿ ಕೂಡಿತು. ಆಮೇಲೆ ಮಹಾಯುದ್ಧವು ಬಂದಿತು. ಮೂರನೆಯ ಪರಿಷತ್ತು ೧೯೭೩ರಲ್ಲಿ ಮತ್ತೆ ಲಂಡನ್ನಿನಲ್ಲಿ ಕೂಡುವ ಹೊತ್ತಿಗೆ ನಾಲ್ವತ್ತೆರಡು ವರ್ಷಗಳು ಕಳೆದಿದ್ದವು. ೧೯೯೫ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೂಡಿದ ನಾಲ್ಕನೆಯ ಪರಿಷತ್ತಿನಲ್ಲಿ ಲೋಕದ ಸಂಘಗಳೆಲ್ಲ ಒಂದು ಒಕ್ಕೂಟವಾದವು. ಅಂದಿನಿಂದ ಐದು ವರ್ಷಕ್ಕೊಮ್ಮೆ ಕೂಡುವ ಕ್ರಮವು ನಡೆದುಬಂದಿದೆ. ೨೦೨೦ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಸೇರಬೇಕಾಗಿದ್ದ ಸಭೆಯು ಕೋವಿಡ್ ಸಾಂಕ್ರಾಮಿಕದ ದೆಸೆಯಿಂದ ಅಂತರ್ಜಾಲದ ಮೂಲಕ ಜರುಗಿತು.

ಭಾರತದ ತಜ್ಞರು ತಮ್ಮ ಸಂಘವನ್ನು ಕಟ್ಟಿಕೊಂಡದ್ದು ೧೯೬೫ರಲ್ಲಿ. ೨೦೧೨ರಲ್ಲಿ ಏಷ್ಯ ಮತ್ತು ಪೆಸಿಫಿಕ್ ದೇಶಗಳ ತಜ್ಞರು ದಿಲ್ಲಿಯಲ್ಲಿ ನಮ್ಮವರೊಡನೆ ಕೂಡಿದ್ದರು. ಕರ್ನಾಟಕದಲ್ಲಿ ಮಣಿಪಾಲದ ದಂತವೈದ್ಯ ವಿದ್ಯಾಲಯವು ೧೯೬೫ರಲ್ಲಿಯೂ, ಬೆಂಗಳೂರಿನ ಸರಕಾರಿ ದಂತವೈದ್ಯ ವಿದ್ಯಾಲಯವು ೧೯೫೮ರಲ್ಲಿಯೂ ಆರಂಭವಾದವು. ನಮ್ಮ ಬೈರಿದೇವರಕೊಪ್ಪದಿಂದ ಅದೇ ರಸ್ತೆಯಲ್ಲಿ ಧಾರವಾಡದ ಕಡೆಗೆ ಕೆಲವು ಮೈಲಿ ಹೋದರೆ ಸಿಗುವ ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವೈದ್ಯ ವಿದ್ಯಾಲಯವು ೧೯೮೬ರಿಂದ ನಡೆದಿದೆ. ಹೀಗಾಗಿ ನ್ಯೂಯಾರ್ಕ್ ಲಂಡನ್ನುಗಳಲ್ಲಿ ಚರ್ಚೆಯಾದ ವಿಷಯವು ಇಂದು ನಮ್ಮ ಹೊಸ್ತಿಲಿನ ಹತ್ತಿರಕ್ಕೇ ಬಂದಿದೆಯೆನ್ನಬಹುದು.

ಲಿಂಬೆಹಣ್ಣಿನ ತೂಕದ ಬಲ

ಹಲ್ಲು ಎಲುಬಿನಲ್ಲಿ ಗೂಟದಂತೆ ಜಡಿದದ್ದಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪೊರೆಯೊಂದುಂಟು. ಹಲ್ಲು ಆ ಪೊರೆಯಲ್ಲಿ ತೊಟ್ಟಿಲಿನ ಕೂಸಿನಂತೆ ತೂಗಿಕೊಂಡಿರುವದು. ಒಂದು ಕಡೆಯಿಂದ ಮೆಲ್ಲಗೆ, ಬಿಡದೆ ಒತ್ತುತ್ತಿದ್ದರೆ, ಒತ್ತಿದ ಬದಿಯ ಎಲುಬನ್ನು ಕೆಲವು ಜೀವಕೋಶಗಳು ಕರಗಿಸುವವು. ಹಿಂದೆ ಬಿಟ್ಟ ಬದಿಯಲ್ಲಿ ಬೇರೆ ಜೀವಕೋಶಗಳು ಹೊಸ ಎಲುಬನ್ನು ಕಟ್ಟುವವು. ಹೀಗೆ ಹಲ್ಲು ತನ್ನ ಮನೆಯನ್ನು ಹಿಂದೆ ಕಟ್ಟಿಕೊಳ್ಳುತ್ತ ಮುಂದೆ ಕೆಡವುತ್ತ ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ನಡೆಯುವದು.

ಈ ಕೆಲಸಕ್ಕೆ ಬೇಕಾದ ಬಲವೆಷ್ಟು? ಒಂದು ಹಲ್ಲನ್ನು ಓಲಿಸಲಿಕ್ಕೆ ಐವತ್ತು ಗ್ರಾಮಿನ ಆಸುಪಾಸು, ಬೇರುಸಹಿತ ನೆಟ್ಟಗೆ ಸರಿಸಲಿಕ್ಕೆ ನೂರು ಗ್ರಾಮಿನ ಆಸುಪಾಸು. ಅಂದರೆ ಒಂದು ಇಲ್ಲವೆ ಎರಡು ಲಿಂಬೆಹಣ್ಣಿನ ತೂಕವಷ್ಟೆ! ಬಲವು ಹೆಚ್ಚಾದರೆ ಕೆಲಸವು ಬೇಗ ಆಗುವದೆಂದು ತಿಳಿಯುವದು ತಪ್ಪು. ಹೆಚ್ಚು ಒತ್ತಿದರೆ ಪೊರೆಯೊಳಗಿನ ರಕ್ತದ ಓಟವು ನಿಂತು ಅಲ್ಲಿಯ ಜೀವಕೋಶಗಳು ಸಾಯುವವು. ಹಲ್ಲು ನಡೆಯುವದನ್ನು ಬಿಟ್ಟು ವಾರಗಟ್ಟಲೆ ನಿಂತುಬಿಡುವದು, ನೋವು ಹೆಚ್ಚುವದು, ಬೇರಿನ ತುದಿಯು ಸವೆಯುವ ಭಯವೂ ಉಂಟು. ತಾಳಿದವನು ಬಾಳಿಯಾನೆಂಬ ಮಾತು ಇಲ್ಲಿ ಶರೀರಶಾಸ್ತ್ರದ ನಿಯಮವೇ ಆಗಿದೆ. “ಆರು ತಿಂಗಳಲ್ಲಿ ಎಲ್ಲ ಮುಗಿಸಿಕೊಡುವೆವು” ಎಂಬ ಮಾತು ಕಿವಿಗೆ ಬಿದ್ದಾಗ ವಾಚಕರು ಈ ಲಿಂಬೆಹಣ್ಣನ್ನು ನೆನೆಯಬೇಕು.

ಸಣ್ಣ ಬಲವನ್ನು ಬಹುದಿನ ಒಂದೇ ಸಮನೆ ಕೊಡುವ ಉಪಾಯಕ್ಕಾಗಿಯೇ ತಜ್ಞರ ಸಭೆಗಳಲ್ಲಿ ಹೆಚ್ಚಿನ ಚರ್ಚೆಯು ನಡೆದುಬಂದಿದೆ. ಆಸ್ಟ್ರೇಲಿಯದ ರೇಮಂಡ್ ಬೆಗ್ ಎಂಬವನು ಆಂಗಲ್ಲನ ಕೈಕೆಳಗೆ ಕಲಿತು ತನ್ನ ದೇಶಕ್ಕೆ ಮರಳಿ, ಆರ್ಥರ್ ವಿಲ್ಕಾಕ್ ಎಂಬ ಲೋಹತಜ್ಞನ ನೆರವಿನಿಂದ ತೆಳುವಾದ, ಪುಟಿಯುವ ಉಕ್ಕಿನ ತಂತಿಯನ್ನು ಮಾಡಿಸಿದನು. ೧೯೫೦ರ ದಶಕದಲ್ಲಿ ಆ ಹಗುರ ತಂತಿಯ ಪದ್ಧತಿಯು ಹೊರದೇಶಗಳಿಗೆ ಹಬ್ಬಿತು. ನಿಕ್ಕಲ್ಲು ಟೈಟೇನಿಯಮ್ಮುಗಳು ಕೂಡಿದ ನಿಟಿನಾಲ್ ಎಂಬ ಮಿಶ್ರಲೋಹವು ಅಮೇರಿಕೆಯ ನೌಕಾಪಡೆಯ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಎಷ್ಟು ಬಾಗಿಸಿದರೂ ತನ್ನ ಮೊದಲಿನ ಆಕಾರಕ್ಕೆ ಮೆಲ್ಲಗೆ ಮರಳುವ ಗುಣವು ಅದಕ್ಕುಂಟು. ೧೯೭೦ರ ದಶಕದಲ್ಲಿ ಜಾರ್ಜ್ ಆಂಡ್ರೀಸನ್ ಎಂಬ ತಜ್ಞನು ಅದನ್ನು ಹಲ್ಲಿನ ತಂತಿಯಾಗಿ ಬಳಕೆಗೆ ತಂದನು.

ಲಾರೆನ್ಸ್ ಆಂಡ್ರ್ಯೂಸನ ಕೆಲಸವು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಆತನು ಎಂದೂ ಚಿಕಿತ್ಸೆ ಪಡೆಯದೆ, ಹುಟ್ಟಿನಿಂದಲೇ ಚೆಲುವಾಗಿ ಕೂಡಿದ ೧೨೦ ಜನರ ಹಲ್ಲುಗಳ ಅಚ್ಚುಗಳನ್ನು ಸಂಗ್ರಹಿಸಿ, ಅವುಗಳಲ್ಲೆಲ್ಲ ಸಮಾನವಾಗಿದ್ದ ಆರು ಲಕ್ಷಣಗಳನ್ನು ೧೯೭೨ರಲ್ಲಿ ಪ್ರಕಟಿಸಿದನು. ವೈದ್ಯನು ಮಾಡಬೇಕಾದ್ದೇನೆಂಬದನ್ನು ವೈದ್ಯನು ಮುಟ್ಟದ ಬಾಯಿಗಳಿಂದಲೇ ಕಲಿತದ್ದು ಆತನ ಹೆಚ್ಚಳವು. ಆ ಲಕ್ಷಣಗಳಿಗೆ ಅನುಗುಣವಾಗಿ ಹಲ್ಲಿಗೆ ಅಂಟಿಸುವ ಸಣ್ಣ ಬಿಲ್ಲೆಗಳನ್ನೇ ಓರೆಕೋರೆಯ ಲೆಕ್ಕಹಾಕಿ ಎರಕಹೊಯ್ದದ್ದರಿಂದ ತಂತಿಯನ್ನು ದಿನದಿನವೂ ತಿರುಚುವ ಶ್ರಮವು ಬಹಳಮಟ್ಟಿಗೆ ತಪ್ಪಿತು.

ಇನ್ನೊಂದು ತೊಡಕು ಉಂಟು. ಹಗ್ಗ ಜಗ್ಗುವ ಆಟದಲ್ಲಿ ಎದುರಿನವರನ್ನು ಎಳೆದಷ್ಟೂ ನಮ್ಮ ಕಾಲೂ ಜಾರುವದಷ್ಟೆ. ಅದರಂತೆ ಮುಂದಿನ ಹಲ್ಲನ್ನು ಹಿಂದಕ್ಕೆ ಎಳೆಯಲಿಕ್ಕೆ ದವಡೆಹಲ್ಲನ್ನು ಆಧಾರವಾಗಿ ಹಿಡಿದರೆ, ಆ ದವಡೆಹಲ್ಲೂ ಮುಂದಕ್ಕೆ ಜಾರುವದು. ಇದಕ್ಕಾಗಿ ಎಲುಬಿನಲ್ಲಿಯೇ ಸಣ್ಣದೊಂದು ಲೋಹದ ತಿರುಪನ್ನು ಕೂಡಿಸಿ ಅದನ್ನೇ ಆಧಾರವಾಗಿ ಮಾಡುವ ಉಪಾಯವು ೧೯೮೩ರಲ್ಲಿ ಅಮೇರಿಕೆಯಿಂದಲೂ, ಅದಕ್ಕಾಗಿಯೇ ಮಾಡಿದ ಪುಟ್ಟ ತಿರುಪು ೧೯೯೭ರಲ್ಲಿ ಜಪಾನಿನಿಂದಲೂ ವರದಿಯಾದವು. ಇಂದು ನಮ್ಮ ಊರುಗಳಲ್ಲಿಯೂ ಅದು ಬಳಕೆಗೆ ಬಂದಿದೆ.

ಕೀಳಬೇಕೋ, ಕೀಳಕೂಡದೋ?

ಬೈರಿದೇವರಕೊಪ್ಪದ ಅಜ್ಜಿಯ ಹಟವೂ ಹಿಂದೊಮ್ಮೆ ಲೋಕಪ್ರಸಿದ್ಧವಾದ ವಾದವೇ ಆಗಿತ್ತು. ಆಂಗಲ್ಲನು, ದೇವರು ಕೊಟ್ಟ ಮೂವತ್ತೆರಡು ಹಲ್ಲುಗಳೂ ಬಾಯಲ್ಲಿ ಹಿಡಿಯತಕ್ಕವೇ, ಅವನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಎಲುಬು ತಾನಾಗಿಯೇ ಬೆಳೆದುಕೊಳ್ಳುವದು ಎಂದು ನಂಬಿದ್ದನು. ಕಾಲ್ವಿನ್ ಕೇಸ್ ಎಂಬವನು ೧೯೧೧ರಲ್ಲಿ ತುಂಬಿದ ಸಭೆಯ ಮುಂದೆ, ಕೆಲವರಿಗಾದರೂ ಹಲ್ಲು ಕೀಳದೆ ಗತ್ಯಂತರವಿಲ್ಲವೆಂದು ವಾದಿಸಿದನು. ಆಂಗಲ್ಲನ ಪಕ್ಷದವರು ಅವನ ಮೇಲೆ ಹರಿಹಾಯ್ದರು. ಆ ಕಾಲದಲ್ಲಿ ಗೆದ್ದದ್ದು ಆಂಗಲ್ಲನ ಪಕ್ಷವೇ.

ಆ ಪಕ್ಷವನ್ನು ಕೊನೆಗೆ ಅಲುಗಿಸಿದವನು ಹೊರಗಿನವನಲ್ಲ, ಆಂಗಲ್ಲನ ಶಿಷ್ಯನೇ ಆದ ಚಾರ್ಲ್ಸ್ ಟ್ವೀಡ್. ಗುರುವಿನ ಮಾತಿನಂತೆ ಒಂದು ಹಲ್ಲನ್ನೂ ಕೀಳದೆ ಕೆಲವು ವರ್ಷ ಕೆಲಸಮಾಡಿದ ಮೇಲೆ ಆತನು ತನ್ನ ಹಳೆಯ ರೋಗಿಗಳನ್ನು ಮತ್ತೆ ನೋಡಿದನು. ಹಲವರ ಹಲ್ಲುಗಳು ಪುನಃ ವಕ್ರವಾಗಿದ್ದವು. ಹಲವರ ತುಟಿಗಳು ಮುಂದಕ್ಕೆ ಉಬ್ಬಿಕೊಂಡಿದ್ದವು. ಅಂಥವರಿಗೆ ನಾಲ್ಕು ಸಣ್ಣ ದವಡೆಹಲ್ಲುಗಳನ್ನು ತೆಗೆಯಿಸಿ ಎರಡನೆಯ ಸಲ ಚಿಕಿತ್ಸೆ ಮಾಡಿದನು. ೧೯೩೬ರಲ್ಲಿ ಇದನ್ನು ಹೇಳಿದಾಗ ಗುರುಬಂಧುಗಳೆಲ್ಲ ಕೆರಳಿದರು. ೧೯೪೦ರಲ್ಲಿ ಆತನು ಸಂಘದ ಅಧಿವೇಶನಕ್ಕೆ ನೂರು ರೋಗಿಗಳ ಅಚ್ಚುಗಳನ್ನು ತಂದನು. ಪ್ರತಿಯೊಬ್ಬರದೂ ಮೊದಲನೆಯ ಚಿಕಿತ್ಸೆಯದೊಂದು, ಎರಡನೆಯ ಚಿಕಿತ್ಸೆಯದೊಂದು. ಮಾತಿಗೆ ಎದುರುಮಾತು ಆಡಬಹುದು. ಮೇಜಿನ ಮೇಲಿನ ಅಚ್ಚಿಗೆ ಏನೆಂದು ಎದುರಾಡುವದು?

ಪಂಡಿತರ ಸಭೆಗಳಲ್ಲಿ ತಮ್ಮ ಗೆಲವನ್ನು ಸಾರುವವರು ಬಹಳ; ತನ್ನ ಸೋಲನ್ನು ಹೊತ್ತು ತಂದು ಹರಡುವವನು ವಿರಳ. ಆದರೆ ವಿದ್ಯೆಯು ಮುಂದೆ ಸಾಗಿದ್ದು ಅಂಥ ವಿರಳರಿಂದಲೇ. ಟ್ವೀಡನ ಮೇಲೆ ಕೆಲವು ಕಾಲ ಕಂಡಕಂಡವರ ಹಲ್ಲು ಕೀಳುವ ರೂಢಿಯೂ ಬಂದು, ಆಮೇಲೆ ಅದೂ ಇಳಿಯಿತು. ಇಂದು ಬಲ್ಲವರ ಅಭಿಪ್ರಾಯವೇನೆಂದರೆ: ಕೀಳಬೇಕೋ ಕೀಳಕೂಡದೋ ಎಂಬದಕ್ಕೆ ಎಲ್ಲರಿಗೂ ಸಲ್ಲುವ ನಿಯಮವಿಲ್ಲ, ಹಲ್ಲಿನ ಇಕ್ಕಟ್ಟು, ಎಲುಬಿನ ಅಳತೆ, ತುಟಿ ಮೂಗು ಗದ್ದಗಳ ಪಡಿಪಾಟು ಇವನ್ನೆಲ್ಲ ಅಚ್ಚು ಮತ್ತು ಕ್ಷಕಿರಣ ಚಿತ್ರಗಳಿಂದ ಅಳೆದು ಆ ಒಬ್ಬ ರೋಗಿಗಾಗಿ ನಿರ್ಣಯಿಸಬೇಕು. ಆದರೆ ಅಜ್ಜಿಯ ವಾದವು ಹೀಗೆ ಇತ್ಯರ್ಥವಾದರೂ ತಾಯಿಯ ಪ್ರಶ್ನೆಯು ಹಾಗೆಯೇ ಉಳಿಯಿತು. ಆಕೆ ಕೇಳಿದ್ದು ಹಲ್ಲಿನ ಚೆಲುವಿಗಾಗಿ ಅಲ್ಲ, ಕೀಲಿನ ನೋವಿಗಾಗಿ.

ಕಿವಿಯ ಮುಂದಿನ ಕೀಲು

ವಾಚಕರು ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಲಿ. ಬೆರಳಿನ ಕೆಳಗೆ ಗುಂಡಗಿನದೊಂದು ಎಲುಬು ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುವದು ತಿಳಿಯುವದು. ಬಾಗಿಲಿನ ತಿರುಗಣಿಯು ತಿರುಗುವದಷ್ಟೆ, ಜಾರುವದಿಲ್ಲ. ಮೇಜಿನ ಖಾನೆಯು ಜಾರುವದಷ್ಟೆ, ತಿರುಗುವದಿಲ್ಲ. ದವಡೆಯ ಕೀಲು ಎರಡನ್ನೂ ಮಾಡುವದು; ಅದೂ ಎಡಬಲಗಳೆರಡೂ ಜೋಡೆತ್ತಿನಂತೆ ಕೂಡಿಯೇ ನಡೆಯಬೇಕು. ತಲೆಬುರುಡೆಗೂ ದವಡೆಯ ಗುಂಡಿಗೂ ನಡುವೆ ಮೆತ್ತೆಯಂಥ ಒಂದು ಬಿಲ್ಲೆಯುಂಟು. ಆ ಬಿಲ್ಲೆಯು ತುಸು ಮುಂದೆ ಸರಿದಿದ್ದರೆ ಬಾಯಿ ತೆರೆಯುವಾಗ ಗುಂಡಿಯು ಅದರ ಮೇಲೆ ಹಾರಿ ಕೂಡುವದು. ಅದೇ ಆ ಕಟ್ಟೆಂಬ ಸಪ್ಪಳ. ಇಂಥ ಸಪ್ಪಳವು ಬಹು ಜನರಲ್ಲಿ ಉಂಟು. ನೋವಿಲ್ಲದೆ, ಬಾಯಿ ಸರಿಯಾಗಿ ತೆರೆಯುತ್ತಿದ್ದರೆ, ಬರಿಯ ಸಪ್ಪಳಕ್ಕಾಗಿ ಚಿಕಿತ್ಸೆ ಬೇಕಾಗುವದಿಲ್ಲ.

ಈ ಕೀಲಿನ ಬೇನೆಗೆ ಹಲ್ಲೇ ಕಾರಣವೆಂಬ ಮಾತಿಗೆ ಬಲ ಬಂದದ್ದು ೧೯೩೪ರಲ್ಲಿ. ಸೇಂಟ್ ಲೂಯಿಯಲ್ಲಿಯೇ ಇದ್ದ ಜೇಮ್ಸ್ ಕಾಸ್ಟನ್ ಎಂಬ ಕಿವಿ ಗಂಟಲಿನ ವೈದ್ಯನು ಹನ್ನೊಂದು ರೋಗಿಗಳನ್ನು ನೋಡಿ, ಹಿಂದಿನ ಹಲ್ಲು ಹೋದದ್ದರಿಂದ ದವಡೆಯು ಹಿಂದೆ ಸರಿದು ನರಗಳನ್ನು ಒತ್ತುವದೆಂದೂ, ಕಿವಿನೋವು ತಲೆನೋವುಗಳಿಗೆ ಅದೇ ಮೂಲವೆಂದೂ ಬರೆದನು. ಶರೀರರಚನೆಯನ್ನು ಬಲ್ಲವರು ಅದು ಹಾಗಿಲ್ಲವೆಂದು ತೋರಿಸಿಕೊಟ್ಟರೂ, “ಹಲ್ಲು ಸರಿಮಾಡಿದರೆ ಕೀಲು ಸರಿಯಾಗುವದು” ಎಂಬ ನಂಬಿಗೆಯು ದಂತವೈದ್ಯರಲ್ಲಿ ಬೇರೂರಿಬಿಟ್ಟಿತು. ಎಷ್ಟೋ ಜನರ ಗಟ್ಟಿ ಹಲ್ಲುಗಳನ್ನು ಆ ನಂಬಿಗೆಯಿಂದ ಅರೆದು ತಗ್ಗಿಸಿದ್ದುಂಟು.

ನಂಬಿಗೆಯ ಕತ್ತಿಗೆ ಎರಡು ಬಾಯಿ. ಹಲ್ಲು ಸರಿಸಿದರೆ ಕೀಲು ನೆಟ್ಟಗಾಗುವದಾದರೆ, ಹಲ್ಲು ಸರಿಸಿದ್ದರಿಂದಲೇ ಕೀಲು ಕೆಟ್ಟಿತೆಂದೂ ಏಕೆ ಹೇಳಬಾರದು? ೧೯೮೭ರಲ್ಲಿ ಅಮೇರಿಕೆಯ ಮಿಶಿಗನ್ನಿನ ನ್ಯಾಯಾಲಯವೊಂದರಲ್ಲಿ ಹೀಗೆಯೇ ಆಯಿತು. ಚಿಕಿತ್ಸೆಯಿಂದ ಕೀಲಿನ ಬೇನೆ ಬಂತೆಂದು ದೂರಿದ ರೋಗಿಗೆ ವೈದ್ಯನು ದೊಡ್ಡ ಮೊತ್ತದ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಆಗ ಅಮೇರಿಕೆಯ ಸಂಘವು ಹಣವನ್ನೊದಗಿಸಿ ಹಲವು ಕಡೆ ಶೋಧಗಳನ್ನು ನಡೆಸಿತು. ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ, ಹಲ್ಲು ಕೀಳಿಸಿಕೊಂಡವರನ್ನೂ ಕೀಳಿಸಿಕೊಳ್ಳದವರನ್ನೂ ಹೋಲಿಸಿ ನೋಡಿದರು. ೧೯೯೨ರಲ್ಲಿ ಪ್ರಕಟವಾದ ಈ ಶೋಧಗಳ ಒಟ್ಟು ಸಾರವಿಷ್ಟು: ಹರೆಯದಲ್ಲಿ ಮಾಡುವ ತಂತಿಯ ಚಿಕಿತ್ಸೆಯಿಂದ ಕೀಲಿನ ಬೇನೆ ಬರುವ ಸಂಭವವು ಹೆಚ್ಚುವದೂ ಇಲ್ಲ, ತಗ್ಗುವದೂ ಇಲ್ಲ.

ಈ ಫಲವು ಒಂದು ಬದಿಯಿಂದ ವೈದ್ಯರಿಗೆ ಸಮಾಧಾನವನ್ನು ಕೊಟ್ಟಿತು: ಬೇನೆಗೆ ತಾವು ಕಾರಣರಲ್ಲ. ಆದರೆ ಇನ್ನೊಂದು ಬದಿಯಿಂದ ಅವರ ಒಂದು ಹಕ್ಕನ್ನು ಕಸಿದುಕೊಂಡಿತು: ಬೇನೆಯನ್ನು ತಾವು ತಂತಿಯಿಂದ ನೀಗುವೆವೆಂದು ಇನ್ನು ಹೇಳುವ ಹಾಗಿಲ್ಲ. ಎರಡನ್ನೂ ಒಪ್ಪಿಕೊಳ್ಳುವದರಲ್ಲಿಯೇ ಪ್ರಾಮಾಣಿಕತೆಯಿದೆ. ೧೯೯೬ರಲ್ಲಿ ಅಮೇರಿಕೆಯ ರಾಷ್ಟ್ರೀಯ ಆರೋಗ್ಯಸಂಸ್ಥೆಯು ಕರೆದ ವಿಚಾರಸಭೆಯೂ, ಕೀಲಿನ ಬೇನೆಗೆ ಮೊದಲು ಹಿಂತೆಗೆದುಕೊಳ್ಳಬಹುದಾದ ಸೌಮ್ಯೋಪಚಾರಗಳನ್ನೇ ಮಾಡಬೇಕು, ಹಲ್ಲು ಅರೆಯುವದು ಮುಂತಾದ ಮರಳಿ ಸರಿಪಡಿಸಲಾಗದ ಉಪಾಯಗಳಿಗೆ ಕೈಹಾಕಕೂಡದು ಎಂಬ ದಾರಿಯನ್ನೇ ತೋರಿಸಿತು. ಬೈರಿದೇವರಕೊಪ್ಪದ ತಾಯಿಯ ಪ್ರಶ್ನೆಗೆ ಉತ್ತರವು ಇಲ್ಲಿತ್ತು.

ಮನೆಯಲ್ಲಿ ಮಾಡತಕ್ಕದ್ದು

ಹಾಗಾದರೆ ಸೌಮ್ಯೋಪಚಾರವೆಂದರೇನು? ಹೆಚ್ಚಿನವು ಮನೆಯಲ್ಲಿಯೇ ಆಗತಕ್ಕವು. ತುಟಿಗಳು ಕೂಡಿರಲಿ, ಹಲ್ಲುಗಳು ಬಿಟ್ಟಿರಲಿ. ಊಟದ ಹೊತ್ತು ಬಿಟ್ಟರೆ ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗುವ ಕಾರಣವೇ ಇಲ್ಲ. ಚಿಂತೆಯಿದ್ದಾಗ ಹಲ್ಲು ಕಚ್ಚಿಕೊಳ್ಳುವದು, ನಿದ್ದೆಯಲ್ಲಿ ಹಲ್ಲು ಕಡಿಯುವದು, ಗದ್ದಕ್ಕೆ ಕೈಯಾನಿಸಿ ತಾಸುಗಟ್ಟಲೆ ಓದುವದು, ಲೇಖಣಿಯ ತುದಿ ಕಡಿಯುವದು, ಚ್ಯೂಯಿಂಗ್ ಗಮ್ ಅಗಿಯುವದು, ಇವು ಕೀಲಿನ ಸುತ್ತಲಿನ ಸ್ನಾಯುಗಳನ್ನು ದಣಿಸುವವು. ನೋವಿರುವ ಕೆಲವು ವಾರ ಖಡಕ್ ರೊಟ್ಟಿ, ಶೇಂಗಾ ಉಂಡಿ, ಕಬ್ಬುಗಳನ್ನು ಬಿಟ್ಟು, ಸಾರಿನಲ್ಲಿ ನೆನೆದ ಬಿಸಿ ರೊಟ್ಟಿ, ಮೆತ್ತಗಿನ ಅನ್ನ, ಗಂಜಿ, ಸಜ್ಜಕಗಳನ್ನು ಉಣ್ಣಬೇಕು. ಬಿಸಿನೀರಿನಲ್ಲಿ ಹಿಂಡಿದ ಅರಿವೆಯಿಂದ ದಿನಕ್ಕೆ ಎರಡು ಮೂರು ಸಲ ಶಾಖ ಕೊಡಬೇಕು. ಆಕಳಿಸುವಾಗ ಗದ್ದದ ಕೆಳಗೆ ಕೈಯೊತ್ತಿ ಹಿಡಿಯಬೇಕು. ಬೇಕಾದರೆ ವೈದ್ಯರು ಕೆಲವು ದಿನ ನೋವಿನ ಔಷಧವನ್ನೂ, ರಾತ್ರಿ ಹಲ್ಲಿನ ಮೇಲೆ ಕೂಡಿಸಿಕೊಳ್ಳುವ ಫಲಕವನ್ನೂ, ದವಡೆಯ ವ್ಯಾಯಾಮವನ್ನೂ ಹೇಳುವರು. ಬಹುಮಂದಿಗೆ ಇಷ್ಟರಿಂದಲೇ ಗುಣ ಕಾಣುವದು.

ಆದರೆ ಬಾಯಿ ತೆರೆಯದ್ದೆಲ್ಲ ಕೀಲಿನ ಬೇನೆಯಲ್ಲವೆಂಬದನ್ನು ನಮ್ಮ ಸೀಮೆಯ ಜನರು ವಿಶೇಷವಾಗಿ ನೆನಪಿಡತಕ್ಕದ್ದು. ಅಡಿಕೆ, ಗುಟ್ಕಾ, ಪಾನ್ ಮಸಾಲೆಗಳನ್ನು ಬಹುದಿನ ಅಗಿಯುವವರ ಕೆನ್ನೆಯ ಒಳಮೈಯು ಬಿಳಿಚಿ, ನಾರುಗಟ್ಟಿ, ವರ್ಷದಿಂದ ವರ್ಷಕ್ಕೆ ಬಾಯಿಯು ಕಿರಿದಾಗುತ್ತ ಬರುವದು; ಖಾರ ತಿಂದರೆ ಉರಿಯುವದು. ಇದು ಕ್ಯಾನ್ಸರಿಗೆ ದಾರಿಮಾಡಿಕೊಡುವ ರೋಗ. ಕರ್ನಾಟಕ ಸರಕಾರವು ಗುಟ್ಕಾವನ್ನು ೨೦೧೩ರಲ್ಲಿ ನಿಷೇಧಿಸಿದೆಯಾದರೂ, ಅಡಿಕೆ ಅಗಿಯುವ ಚಟವು ಹುಡುಗರನ್ನು ಬಿಟ್ಟಿಲ್ಲ. ಆರೋಗ್ಯವಂತರ ಬಾಯಲ್ಲಿ ತಮ್ಮವೇ ಮೂರು ಬೆರಳುಗಳು ನಿಲುವಾಗಿ ಹಿಡಿಯಬೇಕು. ಮನೆಯ ಯಜಮಾನರು ತಮ್ಮ ಮಕ್ಕಳಿಗೂ ತಮಗೂ ಈ ಪರೀಕ್ಷೆಯನ್ನು ಮಾಡಿಕೊಳ್ಳಲಿ. ಬೆರಳು ಎರಡೇ ಹಿಡಿಯುತ್ತಿದ್ದರೆ ತಡಮಾಡದೆ ತೋರಿಸಬೇಕು.

ಬಾಯಿ ತೆರೆದದ್ದು ಮುಚ್ಚದಿದ್ದರೆ, ಇದ್ದಕ್ಕಿದ್ದಂತೆ ತೆರೆಯದಾದರೆ, ಜ್ವರ ಬಾವುಗಳಿದ್ದರೆ, ಮುಖವು ಜೋಮುಹಿಡಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಿಗೆ ನಡೆದಾಗ, ಮೆಟ್ಟಲು ಹತ್ತಿದಾಗ ಎದೆಯ ಬಿಗಿತದೊಡನೆ ದವಡೆ ನೋಯ್ದರೆ ಅದು ಹೃದಯದ ಕರೆಯಿರಬಹುದು. ಅಲ್ಲಿ ದಂತವೈದ್ಯನ ಬಾಗಿಲು ಕಾಯುತ್ತ ಕೂಡ್ರಕೂಡದು.

ಇನ್ನು ಮಕ್ಕಳ ಹಲ್ಲಿಗೆ ಕ್ಲಿಪ್ಪು ಹಾಕಿಸಬೇಕೆಂದಿರುವ ಗೃಹಸ್ಥರು ವೈದ್ಯರನ್ನು ಕೆಲವು ಪ್ರಶ್ನೆ ಕೇಳಲು ಸಂಕೋಚಪಡಬಾರದು. ಚಿಕಿತ್ಸೆಯ ಗುರಿಯೇನು: ಹಲ್ಲಿನ ಸಾಲೋ, ಕಚ್ಚುವ ಅನುಕೂಲವೋ, ನೋವೋ? ಮಾಡದೆ ಬಿಟ್ಟರೆ ಏನಾದೀತು? ಹಲ್ಲು ಕೀಳುವದಾದರೆ ಯಾವ ಅಳತೆಯ ಮೇಲೆ? ಮಾಡಿದ್ದನ್ನು ಹಿಂತೆಗೆದುಕೊಳ್ಳಲು ಬರುವದೇ? ತಂತಿ ತೆಗೆದ ಮೇಲೆ ಹಲ್ಲನ್ನು ಹಿಡಿದಿಡುವ ಫಲಕವನ್ನು ಎಷ್ಟು ಕಾಲ ಧರಿಸಬೇಕು? ಒಸಡಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ವರ್ಷದಷ್ಟು ಕಾಲ ಹಿಡಿಯುವದರಿಂದ ಈ ಕೊನೆಯ ಪ್ರಶ್ನೆಯು ಮೊದಲಿನವುಗಳಷ್ಟೇ ಮುಖ್ಯವಾದದ್ದು. ದಂತವೈದ್ಯದ ಐದು ವರ್ಷದ ಪದವಿಯ ಮೇಲೆ ಮೂರು ವರ್ಷ ಇದೇ ವಿದ್ಯೆಯನ್ನು ಕಲಿತವರು ಇಂದು ನಮ್ಮ ಅವಳಿ ನಗರದಲ್ಲಿಯೇ ಸಿಗುವರು. ಒಬ್ಬರ ಮಾತು ಮನಸ್ಸಿಗೆ ಬಾರದಿದ್ದರೆ ಇನ್ನೊಬ್ಬರನ್ನು ಕೇಳುವದು ಅವಮರ್ಯಾದೆಯಲ್ಲ. ಲೋಕದ ತಜ್ಞರೇ ಒಬ್ಬರನ್ನೊಬ್ಬರು ಕೇಳಲಿಕ್ಕೆ ಸಮುದ್ರವನ್ನು ದಾಟಿ ಹೋಗುತ್ತಿರುವಾಗ, ನಾವು ಚಿಗರಿ ಬಸ್ಸಿನಲ್ಲಿ ನಾಲ್ಕು ನಿಲ್ದಾಣ ಮುಂದೆ ಹೋಗಿ ಕೇಳಿದರೆ ತಪ್ಪೇನು?

ಬೈರಿದೇವರಕೊಪ್ಪದ ಮನೆಯವರು ಹಾಗೆಯೇ ಮಾಡಿದರು. ಎರಡನೆಯ ತಜ್ಞರು ಹುಡುಗಿಯ ಬಾಯನ್ನು ಅಳೆದು, ಕೀಲನ್ನೂ ಕೆನ್ನೆಯ ಸ್ನಾಯುಗಳನ್ನೂ ಮುಟ್ಟಿ ನೋಡಿ, ಪರೀಕ್ಷೆಯ ಚಿಂತೆಯಿಂದ ಹಲ್ಲು ಕಚ್ಚಿಕೊಳ್ಳುವ ಅಭ್ಯಾಸವಾಗಿದೆಯೆಂದು ಹೇಳಿ, ಮೇಲೆ ಬರೆದಂಥ ಉಪಚಾರಗಳನ್ನೇ ತಿಳಿಸಿದರು. ಎರಡು ತಿಂಗಳಲ್ಲಿ ನೋವು ಹೋಯಿತು. ಸ್ಪಷ್ಟವಾಗಿ ಹೇಳಬೇಕೆಂದರೆ, ಸಪ್ಪಳವು ಹೋಗಲಿಲ್ಲ, ಇಂದಿಗೂ ಅದೆ. ಸಹಕಾರಿ ಸಂಘದ ಅರ್ಜಿಯು ಪೆಟ್ಟಿಗೆಯಲ್ಲಿಯೇ ಉಳಿದಿದೆ. ಒತ್ತಾದ ಹಲ್ಲುಗಳಿಗೆ ಕ್ಲಿಪ್ಪು ಹಾಕಿಸಿಕೊಳ್ಳುವದು ಹುಡುಗಿಯ ಇಚ್ಛೆಯಾಗಿದೆ. ಅದನ್ನು ಓದು ಮುಗಿದ ಮೇಲೆ, ಅಚ್ಚು ಅಳತೆಗಳನ್ನು ನೋಡಿ, ಹಲ್ಲಿನ ಸಲುವಾಗಿ ಹಲ್ಲಿಗೆಂದೇ ಮಾಡಿಸುವರಂತೆ. ಹೋದ ತಿಂಗಳು ನಾವು ಅವರ ಮನೆಗೆ ಹೋದಾಗ ಅಜ್ಜಿಯು ಮೊಮ್ಮಗಳ ತಾಟಿಗೆ ರೊಟ್ಟಿ ಹಾಕುತ್ತ, “ಸಪ್ಪಳಾದ್ರ ಆಗವಲ್ದ್ಯಾಕ, ಹುಡುಗಿ ಖಡಕ್ ರೊಟ್ಟಿ ಮುರದು ತಿಂತಾಳಲ್ರಿ, ಅಷ್ಟ ಸಾಕು” ಎಂದರು. ನೂರು ವರ್ಷದ ಪರಿಷತ್ತುಗಳ ನಿರ್ಣಯವೂ ಆ ಮಾತಿಗೆ ವಿರೋಧವಾಗಿಲ್ಲವೆಂಬದು ನಮ್ಮ ತಿಳಿವಳಿಕೆ.